ಹುಲ್ಲಿಗೆ ಬಿಡುವು ಕೊಡುವ ತಂತಿ

ನಾನೂರೈವತ್ತು ಕಿಲೋ ತೂಗುವ ಹಸುವನ್ನು ತಡೆಯಲು ಒಂದೇ ಒಂದು ಪ್ಲಾಸ್ಟಿಕ್ ದಾರ ಸಾಕೆ? ನ್ಯೂಜಿಲೆಂಡ್‌ನ ವೈಕಾಟೊ ಸೀಮೆಯ ಹೈನುಗಾರರಿಗೆ ಸಾಕು. ದಾರ ಸುತ್ತಿದ ರಾಟೆಯೊಂದು ಕೈಯಲ್ಲಿ, ಕಬ್ಬಿಣದ ಕಡ್ಡಿಗಳ ಕಟ್ಟು ಹೆಗಲಲ್ಲಿ. ಕಡ್ಡಿಯನ್ನು ಕಾಲಿನಿಂದ ಮೆಟ್ಟಿ ನೆಲಕ್ಕಿಳಿಸುವುದು, ಅದರ ತುದಿಯಲ್ಲಿ ಹಂದಿಬಾಲದಂತೆ ಸುರುಳಿಗೊಂಡ ಕೊಕ್ಕೆಗೆ ದಾರ ಸಿಕ್ಕಿಸುವುದು, ಮುಂದೆ ನಡೆಯುವುದು. ಹಸುಗಳ ಹಾಲು ಕರೆದು ಮುಗಿಯುವಷ್ಟರಲ್ಲಿ ಹೊಸ ಬೇಲಿ ಸಿದ್ಧ. ದಾರದ ಎಳೆಗಳ ಜೊತೆ ಅತಿ ಸಣ್ಣ ಸ್ಟೀಲ್ ತಂತಿಗಳನ್ನು ಹೊಸೆದಿರುತ್ತಾರೆ. ಕರೆಂಟ್ ಹರಿಯುವುದು ಅವುಗಳಲ್ಲಿ.

ದಿನವೂ ಇಷ್ಟು ಪಾಡು ಪಡುವುದು ಹುಲ್ಲಿಗಾಗಿ. ಅಲ್ಲಿನ ಮುಖ್ಯ ಮೇವು ರೈಗ್ರಾಸ್. ಅದರ ಒಂದೊಂದು ತೆಂಡೆಯಲ್ಲೂ ಒಮ್ಮೆಗೆ ಮೂರು ಹಸಿರೆಲೆಗಳು ಮಾತ್ರ ನಿಲ್ಲುತ್ತವೆ. ನಾಲ್ಕನೆಯದು ಮೂಡುವಾಗ ಮೊದಲನೆಯದು ಒಣಗತೊಡಗುತ್ತದೆ. ಮೇಯ್ದ ಹುಲ್ಲು ಮೊದಲ ಎಲೆ ಬಿಡುವುದು ಬುಡದಲ್ಲಿ ಕೂಡಿಟ್ಟ ಸಕ್ಕರೆಯ ಬಲದಿಂದ. ಆ ಎಳೆ ಚಿಗುರನ್ನೇ ಹಸು ಮತ್ತೆ ಕಚ್ಚಿದರೆ ದಾಸ್ತಾನು ಬರಿದಾಗಿ ಬೇರು ಸೊರಗುತ್ತದೆ. ಹಸುವಿಗೋ ಎಳೆ ಚಿಗುರೇ ಹೆಚ್ಚು ರುಚಿ! ಹಾಗಾಗಿ ಮುಂದೆ ಒಂದು ತಂತಿ, ಮೇಯ್ದ ಜಾಗಕ್ಕೆ ಮರಳದಂತೆ ಹಿಂದೆ ಇನ್ನೊಂದು. ಎರಡು-ಮೂರು ಎಲೆ ಬಂದ ಮೇಲಷ್ಟೇ ಆ ಪಟ್ಟಿಗೆ ಮತ್ತೆ ಪ್ರವೇಶ. ವಸಂತದಲ್ಲಿ ಇದಕ್ಕೆ ಮೂರು ವಾರ ಸಾಲಬಹುದು. ಚಳಿಗಾಲದಲ್ಲಿ ಎರಡು ತಿಂಗಳು ದಾಟಬಹುದು. ಹುಲ್ಲಿಗೆ ಕೇಡಾಗುವುದು ಹಸುಗಳ ಸಂಖ್ಯೆಗಿಂತ ಅವು ಒಂದೆಡೆ ನಿಲ್ಲುವ ಅವಧಿಯಿಂದ ಎಂದು ಫ್ರಾನ್ಸಿನ ಆಂದ್ರೆ ವಾಜಾಂ 1957ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು.

ಇನ್ನು ಯಂತ್ರದ ವಿಷಯ. 12 ವೋಲ್ಟ್ ಬ್ಯಾಟರಿಯ ವಿದ್ಯುತ್ತನ್ನು ಎನರ್ಜೈಸರ್ ಎಂಬ ಪೆಟ್ಟಿಗೆ ಕೆಪಾಸಿಟರ್‌ನಲ್ಲಿ ಕೂಡಿಟ್ಟು, ಟ್ರಾನ್ಸ್‌ಫಾರ್ಮರ್ ಮೂಲಕ ಹಲವು ಸಾವಿರ ವೋಲ್ಟ್‌ಗೆ ಏರಿಸಿ ತಂತಿಗೆ ಬಿಡುತ್ತದೆ. ಈ ಮಿಡಿತ ಸುಮಾರು ಸೆಕೆಂಡಿಗೊಮ್ಮೆ. ಅದರ ಆಯಸ್ಸು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಹಸುವಿನ ಒದ್ದೆ ಮೂಗು ತಂತಿಗೆ ತಾಗಿದೊಡನೆ ಕರೆಂಟ್ ಮೈಯೊಳಗಿಂದ ಗೊರಸಿಗೆ, ಮಣ್ಣಿಗೆ, ಅಲ್ಲಿಂದ ಅರ್ಥಿಂಗ್ ರಾಡ್ ಮೂಲಕ ಪೆಟ್ಟಿಗೆಗೆ ಮರಳುತ್ತದೆ. ಮಣ್ಣು ಒಣಗಿದರೆ ಈ ದಾರಿ ಕಡಿದು ಷಾಕ್ ಸಪ್ಪೆಯಾಗುತ್ತದೆ. ತಂತಿಯ ಮೇಲೆ ಕೂತ ಹಕ್ಕಿಗೆ ಏನೂ ಆಗದಿರುವುದೂ ಈ ದಾರಿ ಇಲ್ಲದ್ದರಿಂದಲೇ.

ಹೊಸ ಹಸುವಿಗೆ ಮೊದಲು ಗಟ್ಟಿ ಬೇಲಿಯ ಒಳಗೆ ತಂತಿ ಕಟ್ಟಿ ಪಾಠ ಮಾಡಬೇಕು. ಮೂಸಲು ಹೋಗಿ ಮೂಗಿಗೆ ಷಾಕ್ ತಿಂದದ್ದು ಹಿಂದೆ ಸರಿಯುತ್ತದೆ. ಓಡುವಾಗ ಬೆನ್ನಿಗೆ ತಾಗಿದರೆ ಮುಂದಕ್ಕೇ ನುಗ್ಗುತ್ತದೆ. ಪಾಠ ಕಲಿತದ್ದು ತಂತಿಯ ಹತ್ತಿರ ಸುಳಿಯುವುದೂ ಅಪರೂಪ.

ವೈಕಾಟೊದ ಬಿಲ್ ಗ್ಯಾಲಹರ್ 1930ರ ದಶಕದಲ್ಲಿ, ಕಾರಿಗೆ ಮೈ ಉಜ್ಜುತ್ತಿದ್ದ ಕುದುರೆಯನ್ನು ದೂರವಿಡಲು ಹೂಡಿದ ಉಪಾಯದಿಂದ ಇದೆಲ್ಲ ಶುರುವಾಯಿತು ಎಂದು ಅಲ್ಲಿ ಹೇಳುತ್ತಾರೆ. ಆದರೆ ಹುಲ್ಲು ತಾಗಿದರೆ ಹಳೆಯ ಬೇಲಿಗಳ ಬಲ ಸೋರಿಹೋಗುತ್ತಿತ್ತು. ಅದಕ್ಕೆ ಕೆಪಾಸಿಟರ್ ಪರಿಹಾರ ಕೊಟ್ಟದ್ದು 1962ರಲ್ಲಿ ನ್ಯೂಜಿಲೆಂಡ್‌ನವರೇ ಆದ ಡಗ್ ಫಿಲಿಪ್ಸ್.

ಕಾಡಂಚಿನ ನಮ್ಮ ರೈತರು ಐಬೆಕ್ಸ್ ಬೇಲಿ, ಸೋಲಾರ್ ಬೇಲಿ ಎನ್ನುವುದೂ ಇದೇ ತತ್ವದ್ದು. ಎರಡು ಮಿಡಿತಗಳ ನಡುವಿನ ಬಿಡುವಿನಲ್ಲಿ ಸ್ನಾಯು ಸಡಿಲಗೊಂಡು ಪ್ರಾಣಿ ಬಿಡಿಸಿಕೊಳ್ಳುತ್ತದೆ. ಮನೆಯ ಲೈನಿನಿಂದ ನೇರ ಎಳೆದ ತಂತಿಯಲ್ಲಿ ಆ ಬಿಡುವಿಲ್ಲ. ಸ್ನಾಯು ಬಿಗಿದುಕೊಂಡೇ ಇರುತ್ತದೆ, ಆನೆಯೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ. ಅದು ಅಪರಾಧ ಕೂಡ.

ಸ್ವಂತ ಮೇವಿನ ಜಮೀನು ಇದ್ದವರು ಈ ಪಟ್ಟಿ ಮೇಯಿಸುವ ಕ್ರಮವನ್ನು ಇಲ್ಲೂ ಮಾಡಿ ನೋಡಬಹುದು. ಗೋಮಾಳದಲ್ಲಿ ಮಾತ್ರ ಒಬ್ಬರ ಬೇಲಿಯಿಂದ ಉಪಯೋಗವಿಲ್ಲ. ಊರಿನವರೆಲ್ಲ ಒಂದು ಪಾಲನ್ನು ಒಟ್ಟಿಗೆ ಮೇಯಿಸದೆ ಬಿಟ್ಟರಷ್ಟೇ ಅಲ್ಲಿನ ಹುಲ್ಲು ಮೂರನೇ ಎಲೆ ಕಾಣುತ್ತದೆ.