ಪಾರಿಜಾತದ ಹಾಡು: ಕುಲಗೋಡದಿಂದ ಘೋಡಗೇರಿವರೆಗೆ

ಗೋಕಾಕ ಫಾಲ್ಸ್ ಅಂದ್ರ ಹೊರಗಿನವರಿಗೆ ನೀರು, ಗಿರಣಿ, ಕರದಂಟು ನೆನಪಾಗ್ತಾವ. ಇಲ್ಲಿನ ಹಿರಿಯರಿಗೆ ಶ್ರೀಕೃಷ್ಣ ಪಾರಿಜಾತವೂ ನೆನಪಾಗುತ್ತದೆ. ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ ಬರೆದದ್ದನ್ನು ಬಯಲಾಟವಾಗಿ ಬೆಳೆಸಿದವರು ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡ ತಮ್ಮಣ್ಣ.

ಕಥೆ ಸಣ್ಣದು. ನಾರದ ತಂದ ಹೂವು ರುಕ್ಮಿಣಿಗೆ ಹೋಗ್ತದ, ಸತ್ಯಭಾಮೆ ಸಿಟ್ಟಾಗ್ತಾಳ. ಇಷ್ಟಕ್ಕೆ ಬೆಳತನಕ ಆಟ ಹೆಂಗ ನಡೀತದ? ಹಾಡಿನಿಂದ. ಪಾತ್ರಧಾರಿಯೇ ಹಾಡಬೇಕು, ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳಬೇಕು, ನಡುವೆ ನಮ್ಮ ಆಡುಮಾತಿನಾಗ ಸವಾಲು-ಜವಾಬು. ಆಟವನ್ನು ಎರಡು ತಾಸಿಗೆ ಇಳಿಸಿದರೆ ಕಥೆಗೆ ಏನೂ ಆಗೂದಿಲ್ಲ. ಹೋಗೂದು ಹಾಡು, ಮಾತಿನ ಚ್ಯಾಷ್ಟಿ. ಹೊಸ ಹುಡುಗರು ಕಲಿಯುತ್ತಿದ್ದುದೂ ಹಿಂಗ ರಾತ್ರಿಯಿಡೀ ಕುಂತು ಕೇಳಿಯೇ.

ಹೆಣ್ಣು ಪಾತ್ರವನ್ನೂ ಗಂಡಸರೇ ಹಾಕುತ್ತಿದ್ದ ಆಟದಲ್ಲಿ ಹೆಸರು ಮಾಡಿದವರು ಕೌಜಲಗಿ ನಿಂಗಮ್ಮ. ಊರೂರು ಆಟ ಕಟ್ಟುವ ಹೆಣ್ಣುಮಗಳ ಬದುಕು ಆಗ ಸಸಾರ ಇರಲಿಲ್ಲ, ಬಿಡಿ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ತಮ್ಮ ಬರವಣಿಗೆಯ ಬೇರು ಊರಿನ ಹಾಡು, ಆಟಗಳಲ್ಲೇ ಇದೆ ಎನ್ನುತ್ತ ಬಂದಿದ್ದಾರೆ. ಅವರ ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದರು.

ಈಗ ಜಾತ್ರೆ ಪಟ್ಟಿಯ ರೊಕ್ಕದಾಗ ಡಿಜೆಗೆ ಎಷ್ಟು, ಆಟಕ್ಕೆ ಎಷ್ಟು ಎಂಬುದು ಊರ ಪಂಚರ ಕೈಯಾಗಿದೆ. ಮೇಳ ಹೇಳುವಾಗ ಹಾರ್ಮೋನಿಯಂ, ತಬಲಾದವರ ಪಗಾರವನ್ನೂ ಲೆಕ್ಕ ಹಿಡಿಯಬೇಕಾಗುತ್ತದೆ. ಅವರಿಲ್ಲದೆ ಸತ್ಯಭಾಮೆ ಬಾಯಿ ತೆರೆಯೂದಿಲ್ಲ.