ಮೀನಿನ ನೀರು, ಮಳೆ ನೀರು ಮತ್ತು ಬೈಕಿನ ರಿಮ್ಮು

ನಮ್ಮ ಮನೆಗಳ ಅಂಗಳದಲ್ಲಿ ಎರಡು ಬಗೆಯ ಬೈಕುಗಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಒಂದು, ಸುಬಹ್ ನಮಾಝ್ ಮುಗಿಸಿ ದಕ್ಕೆಗೆ ಹೋಗಿ, ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಮಧ್ಯಾಹ್ನದವರೆಗೆ ಊರೂರು ತಿರುಗುವ ಬೈಕು. ಇನ್ನೊಂದು, ಎಲ್ಲಿಗೂ ಹೋಗದ ಬೈಕು. ಮಗ ದುಬೈಗೋ ದಮ್ಮಾಮಿಗೋ ಹೋಗಿದ್ದಾನೆ, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾನೆ. ಅವನ ಪ್ರೀತಿಯ ಬುಲೆಟ್ ಟರ್ಪಾಲ್ ಹೊದ್ದು ಮನೆಯ ಬದಿಯಲ್ಲಿ ನಿಂತಿದೆ. ಎರಡರಲ್ಲೂ ತುಕ್ಕು ಮೊದಲು ಕಾಣುವುದು ಕ್ರೋಮ್ ಚಕ್ರದಲ್ಲಿ, ಸ್ಪೋಕ್ ರಿಮ್ಮಿಗೆ ಸೇರುವ ಜಾಗದಲ್ಲಿ, ಸಣ್ಣ ಕಂದು ಚುಕ್ಕಿಯಾಗಿ.

“ಕ್ರೋಮ್ ಅಲ್ವಾ ಮಾರಾಯ, ಅದಕ್ಕೆ ತುಕ್ಕು ಹಿಡಿಯುವುದು ಹೇಗೆ?” ಅಂತ ಕೇಳುವವರಿದ್ದಾರೆ. ನಿಜ, ಕ್ರೋಮಿಗೆ ತುಕ್ಕು ಹಿಡಿಯುವುದಿಲ್ಲ. ಹಿಡಿಯುವುದು ಅದರ ಅಡಿಯಲ್ಲಿರುವ ಉಕ್ಕಿಗೆ. ರಿಮ್ ಉಕ್ಕಿನದ್ದು, ಅದರ ಮೇಲೆ ನಿಕ್ಕಲ್ ಪದರ, ಎಲ್ಲಕ್ಕಿಂತ ಮೇಲೆ ಹೊಳಪಿಗಾಗಿ ಕ್ರೋಮ್. ಈ ಕ್ರೋಮ್ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ತೆಳು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಇರುತ್ತದೆ, ಲೆಕ್ಕ ಹಾಕಿ. ಇಷ್ಟು ತೆಳು ಪದರದಲ್ಲಿ ಕಣ್ಣಿಗೆ ಕಾಣದ ತೂತು, ಬಿರುಕು ಇದ್ದೇ ಇರುತ್ತದೆ. ಕಲ್ಲು ತಾಗಿದರೆ, ಟಯರ್ ಬಿಚ್ಚುವಾಗ ಲಿವರ್ ಗೀಚಿದರೆ ಇನ್ನಷ್ಟು. ಅಲ್ಲಿಂದ ನೀರು ಒಳಗಿಳಿದು ಉಕ್ಕನ್ನು ತಿನ್ನುತ್ತದೆ. ಉಪ್ಪು ಸೇರಿದರೆ ತಿನ್ನುವ ವೇಗ ಹೆಚ್ಚಾಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಮೀನಿನ ಪೆಟ್ಟಿಗೆಯಿಂದ ತೊಟ್ಟಿಕ್ಕುವ ಮಂಜುಗಡ್ಡೆಯ ನೀರಿನಲ್ಲೂ ಉಪ್ಪಿರುತ್ತದೆ. ಅದು ನೇರ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಮುಂದಿನ ರಿಮ್ ಹೊಳೆಯುತ್ತಾ ಹಿಂದಿನದ್ದು ಕೆಂಪಾಗುವುದು ಇದೇ ಕಾರಣಕ್ಕೆ.

ಕಡಲ ಬದಿಯಲ್ಲಿ ವಾಹನ ತೊಳೆಯುವುದರಲ್ಲೂ ಒಂದು ತೊಡಕಿದೆ. ಏಪ್ರಿಲ್-ಮೇ ಬಂತೆಂದರೆ ಉಳ್ಳಾಲ, ಬೆಂಗರೆಯಂಥ ಕಡೆ ಬಾವಿ ನೀರು ಉಪ್ಪಾಗುವುದು ಗೊತ್ತಿರುವ ಸಂಗತಿ. ಆ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದರೆ ನೀರು ಹೋಗಿ ಉಪ್ಪು ಉಳಿಯುತ್ತದೆ, ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕೊನೆಗೆ ಅರ್ಧ ಬಕೆಟ್ ನಳ್ಳಿ ನೀರಾದರೂ ಸುರಿದು, ಬಟ್ಟೆಯಲ್ಲಿ ಒರೆಸಲೇಬೇಕು.

ಚುಕ್ಕಿ ಬಂದಾಗ ಹೆಚ್ಚಿನವರು ಅದನ್ನು ಅಂದದ ಕೊರತೆ ಅಂತ ಬಿಟ್ಟುಬಿಡುತ್ತಾರೆ. ಹೊರಗೆ ಕಾಣುವುದು ಅಷ್ಟೇ ಆದರೆ ಬಿಡಬಹುದಿತ್ತು. ಆದರೆ ಸ್ಪೋಕ್ ಚಕ್ರದ ನಿಜವಾದ ತುಕ್ಕು ಇರುವುದು ಟಯರಿನ ಒಳಗೆ. ಸ್ಪೋಕ್ ತೂತುಗಳ ಮೂಲಕ ಮಳೆ ನೀರು ಒಳಗಿಳಿಯುತ್ತದೆ, ಅಲ್ಲಿ ಒಣಗಲು ಗಾಳಿಯಿಲ್ಲ. ತುಕ್ಕು ಹಕ್ಕಳೆ ಎದ್ದು ರಿಮ್ ಟೇಪನ್ನು ಕೊರೆದು ಟ್ಯೂಬಿಗೆ ಚುಚ್ಚುತ್ತದೆ. ಟಯರಿನಲ್ಲಿ ಮೊಳೆಯೂ ಇಲ್ಲ, ಗಾಜೂ ಇಲ್ಲ, ತಿಂಗಳಿಗೆ ಎರಡು ಸಲ ಪಂಕ್ಚರ್ ಅಂತಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಸ್ಪೋಕಿನ ನಿಪ್ಪಲ್ ಕೂಡ ತುಕ್ಕಿನಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಚಕ್ರದ ಓರೆ ಸರಿ ಮಾಡಲು ಹೋದರೆ ತಿರುಗದೆ ಸ್ಪೋಕೇ ಮುರಿಯುತ್ತದೆ. ಐವತ್ತು ಕಿಲೋ ಮೀನು ಹೇರಿಕೊಂಡು ಹೊಂಡದ ರಸ್ತೆಯಲ್ಲಿ ಹೋಗುವವನಿಗೆ ಮುರಿದ ಸ್ಪೋಕ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಪಂಕ್ಚರ್ ಹಾಕಿಸುವಾಗ ಐದು ನಿಮಿಷ ಹತ್ತಿರ ನಿಂತು ರಿಮ್ಮಿನ ಒಳಗೆ ನೋಡಿ. ತುಕ್ಕು ಕಂಡರೆ ಉಜ್ಜಿ ತೆಗೆಸಿ, ತುಕ್ಕು ತಡೆಯುವ ಪೈಂಟ್ ಬಳಿಸಿ, ಒಣಗಿದ ಮೇಲೆ ಹೊಸ ರಿಮ್ ಟೇಪ್ ಹಾಕಿಸಿ. ಒಳಗೆ ಹೊಳಪು ಬೇಡ, ಪೈಂಟ್ ಧಾರಾಳ ಸಾಕು.

ಹೊರಗಿನ ತುಕ್ಕಿಗೆ ಮದ್ದು ಅಡುಗೆ ಮನೆಯಲ್ಲೇ ಇದೆ. ಬಿರಿಯಾನಿ ಕಟ್ಟುವ ಅಲ್ಯೂಮಿನಿಯಂ ಫಾಯಿಲ್! ರಿಮ್ಮನ್ನು ಸೋಪು ನೀರಿನಲ್ಲಿ ತೊಳೆದು ಮರಳು, ಮಣ್ಣು ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಆ ಮರಳೇ ಗೀಚುತ್ತದೆ. ಫಾಯಿಲನ್ನು ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಒಣಗಿದ ಹಾಗೆ ಮತ್ತೆ ಅದ್ದಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿನ ಲೋಹ, ಹಾಗಾಗಿ ತುಕ್ಕು ಏಳುತ್ತದೆ, ಕ್ರೋಮಿಗೆ ಗೀರು ಬೀಳುವುದು ಕಡಿಮೆ. ಕಪ್ಪು-ಕಂದು ಕೆಸರಿನಂಥದ್ದು ಬರುತ್ತದೆ, ಒರೆಸಿ ತೆಗೆಯಿರಿ. ಹಟ ಹಿಡಿದ ಚುಕ್ಕಿಗೆ ನೀರಿನ ಬದಲು ವಿನೆಗರ್ ಬಳಸಬಹುದು, ಆದರೆ ಆಮೇಲೆ ನೀರು ಹೊಯ್ದು ಚೆನ್ನಾಗಿ ತೊಳೆಯಬೇಕು. ಸ್ಪೋಕಿನ ಬುಡಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಮಾಡಬಾರದ್ದನ್ನು ಮಾಡಿ ರಿಮ್ ಕಳೆದುಕೊಂಡವರೇ ಹೆಚ್ಚು. ಮರಳು ಕಾಗದ, ಪಾತ್ರೆ ತಿಕ್ಕುವ ಸ್ಟೀಲಿನ ನಾರು ಬೇಡ. ಆ ದಿನ ಹೊಳೆದರೂ ಅದು ಮಾಡಿದ ಗೀರುಗಳಲ್ಲೇ ಮುಂದಿನ ಮಳೆಗೆ ತುಕ್ಕು ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಬೇಡವೇ ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವ ಹೈಡ್ರೋಕ್ಲೋರಿಕ್ ಆಮ್ಲ ತುಕ್ಕಿನ ಜೊತೆ ಕ್ರೋಮನ್ನೂ ಕರಗಿಸುತ್ತದೆ. ಅದಕ್ಕೆ ಬ್ಲೀಚ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಪ್ರಾಣಕ್ಕೇ ಅಪಾಯ. ಮಕ್ಕಳಿರುವ ಅಂಗಳದಲ್ಲಿ ಇಂಥ ಪ್ರಯೋಗ ಯಾಕೆ?

ತುಕ್ಕು ತೆಗೆದ ಮೇಲೂ ಕಪ್ಪು ಚುಕ್ಕಿ, ಸಣ್ಣ ಗುಳಿ ಉಳಿದರೆ ಅಲ್ಲಿ ಕ್ರೋಮ್ ಹೋಗಿದೆ ಅಂತ ಅರ್ಥ. ಯಾವ ಪಾಲಿಶ್ ಕೂಡ ಅದನ್ನು ಹಿಂದೆ ತರುವುದಿಲ್ಲ. ಮೇಣದ ಪಾಲಿಶ್ ಹಚ್ಚಿ ತಡೆಹಿಡಿಯಬಹುದು, ಅಷ್ಟೇ. ಪದರವೇ ಸಿಪ್ಪೆಯಾಗಿ ಏಳುತ್ತಿದ್ದರೆ ಮತ್ತೆ ಕ್ರೋಮ್ ಹಾಕಿಸಲು ಸ್ಪೋಕ್ ಎಲ್ಲ ಬಿಚ್ಚಬೇಕು. ದಿನ ಓಡುವ ಬೈಕಿಗೆ ಆ ರಗಳೆಗಿಂತ ಹೊಸ ರಿಮ್ ಹಾಕಿಸುವುದೇ ಲೇಸು. ಹಳೆಯ, ರಿಮ್ ಸಿಗದ ಬೈಕಾದರೆ ಮಾತು ಬೇರೆ.

ಮಳೆಗಾಲಕ್ಕೆ ಮೊದಲು ಚಕ್ರಕ್ಕೆ ಹಳೆಯ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ಕೆಲವರಿಗಿದೆ. ನನಗೆ ಇದು ತುಕ್ಕಿಗಿಂತ ದೊಡ್ಡ ಅಪಾಯವಾಗಿ ಕಾಣುತ್ತದೆ. ಆಯಿಲ್ ಬ್ರೇಕಿಗೆ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ, ಟಯರಿಗೆ ತಾಗಿದರೆ ಜಾರುತ್ತದೆ. ತೆಂಗಿನೆಣ್ಣೆಯೂ ಅಂಟಾಗಿ ಧೂಳು ಹಿಡಿಯುತ್ತದೆ. ಕಾರಿಗೆ ಹಾಕುವ ಮೇಣದ ಪಾಲಿಶನ್ನು ಒಣಗಿದ ರಿಮ್ಮಿಗೆ ಮಾತ್ರ, ಬ್ರೇಕಿನಿಂದ ದೂರ, ತಿಂಗಳಿಗೊಮ್ಮೆ ತೆಳುವಾಗಿ ಹಚ್ಚಿದರೆ ಸಾಕು. ಜುಮಾ ದಿನ ಹೇಗೂ ಬೈಕ್ ತೊಳೆಯುವವರಿಗೆ ಅದು ಹತ್ತು ನಿಮಿಷದ ಕೆಲಸ. ಮೀನಿನ ವ್ಯಾಪಾರದ ಕಾಕಂದಿರು ಮಾತ್ರ ಶುಕ್ರವಾರಕ್ಕೆ ಕಾಯಬಾರದು. ಪೆಟ್ಟಿಗೆಯ ತೂತಿಗೆ ಬಿರಡೆ ಹಾಕಿ ನೀರನ್ನು ನಿಲ್ಲಿಸಿದ ಕಡೆ ಚೆಲ್ಲಿ, ಮನೆಗೆ ಬಂದ ಕೂಡಲೇ ಹಿಂದಿನ ಚಕ್ರಕ್ಕೆ ಸಿಹಿನೀರು ಹೊಯ್ಯಬೇಕು.

ಗಲ್ಫಿನವನ ಬೈಕಿಗೆ ಶತ್ರು ಆ ಟರ್ಪಾಲೇ. ಮಳೆ ತಡೆಯುತ್ತದೆ, ಆದರೆ ನೆಲದ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುವುದು. ಮಾಡಿನ ಅಡಿಯಲ್ಲಿ ಜಾಗವಿದ್ದರೆ ಗಾಳಿಯಾಡುವ ಬಟ್ಟೆ ಹೊದಿಸಿ ನಿಲ್ಲಿಸಿ. ಹೋಗುವ ಮೊದಲು ರಿಮ್ ತೊಳೆದು, ಒಣಗಿಸಿ, ಬ್ರೇಕ್ ಬಿಟ್ಟು ಉಳಿದ ಕ್ರೋಮಿಗೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ, ದೊಡ್ಡ ಸ್ಟ್ಯಾಂಡ್ ಹಾಕಿ, ಚಕ್ರದಡಿ ಹಲಗೆ ಇಡಲಿ. ಮನೆಯಲ್ಲಿರುವ ತಮ್ಮನೋ ಉಮ್ಮನೋ ತಿಂಗಳಿಗೊಮ್ಮೆ ಬಟ್ಟೆ ಸರಿಸಿ, ಒರೆಸಿ, ಚಕ್ರ ನಾಲ್ಕು ಸುತ್ತು ತಿರುಗಿಸಿದರೆ ಆಯಿತು. ಅವನು ರಜೆಗೆ ಬಂದ ದಿನ ಬೈಕ್ ಹತ್ತುವ ಮೊದಲು ಜೆಲ್ಲಿ ಒರೆಸಿ, ಗಾಳಿ ಹಾಕಿಸಿ, ಒಂದು ಸ್ಪ್ಯಾನರ್‌ನಿಂದ ಸ್ಪೋಕುಗಳನ್ನು ಒಂದೊಂದಾಗಿ ತಟ್ಟಿ ನೋಡಲಿ. ಬಿಗಿ ಇದ್ದದ್ದು ‘ಟಿಣ್’ ಅನ್ನುತ್ತದೆ. ‘ದಬ್’ ಅಂದದ್ದು ಸಡಿಲ. ಅಂಥ ನಾಲ್ಕು ಸಿಕ್ಕಿದರೆ ಆ ಬೈಕಿನ ಮೊದಲ ಸವಾರಿ ಮೆಕ್ಯಾನಿಕ್ ಅಂಗಡಿಗೆ, ಅದೂ ನೂಕಿಕೊಂಡು.