ಹಳೆಯ ಕಾರಿನ ಒಳಮೈಗೆ ಹೊಸ ಬಣ್ಣ

1990ರ ದಶಕದಲ್ಲಿ ಪ್ರೀಮಿಯರ್ ಕಂಪನಿಯವರು ಫ್ರೆಂಚ್ ಸಂಸ್ಥೆಯೊಡನೆ ಕೂಡಿ ನಮ್ಮ ಕಲ್ಯಾಣದ ಕಾರ್ಖಾನೆಯಲ್ಲಿ ಪ್ಯೂಜೋ 309 ಕಾರನ್ನು ತಯಾರಿಸುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಆ ತಯಾರಿಕೆ ನಿಂತು ಕಾಲು ಶತಮಾನಕ್ಕೂ ಮಿಕ್ಕಿತು. ಇಂಥ ಕಾರನ್ನು ಉಳಿಸಿಕೊಂಡವರಿಗೆ ಹೊಸ ಬಿಡಿಭಾಗ ದುರ್ಲಭ. ಒಳಗಿನ ಪ್ಲಾಸ್ಟಿಕ್ ಬಣ್ಣಗೆಟ್ಟರೆ ಇದ್ದುದನ್ನೇ ಸುಧಾರಿಸಿಕೊಳ್ಳಬೇಕು.

ಬಳಿದ ಬಣ್ಣ ಕೆಲವೇ ತಿಂಗಳಲ್ಲಿ ಸಿಪ್ಪೆಯೆದ್ದರೆ ಜನರು ಬಣ್ಣವನ್ನು ದೂರುತ್ತಾರೆ. ದೋಷವು ಬಹುಮಟ್ಟಿಗೆ ಪೂರ್ವಸಿದ್ಧತೆಯದೆಂಬುದು ನಮ್ಮ ಅಭಿಪ್ರಾಯ. ವರ್ಷಗಟ್ಟಲೆ ಹಚ್ಚಿದ ಸಿಲಿಕೋನ್ ಪಾಲಿಶಿನ ಮೇಲೆ ಯಾವ ಬಣ್ಣವೂ ನಿಲ್ಲದು. ಆದುದರಿಂದ ಭಾಗವನ್ನು ಬಿಚ್ಚಿ, ಸಾಬೂನುನೀರಿನಲ್ಲಿ ತೊಳೆದು, ಸಿಲಿಕೋನ್ ತೆಗೆಯುವ ದ್ರಾವಣದಿಂದ ಒರೆಸಿ, ಬಳಿಕ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬೇಕು.

ಹಿಂಬದಿಯಲ್ಲಿ ಅಚ್ಚಿನ ಗುರುತಿದ್ದರೆ ಅದನ್ನು ನೋಡುವುದು ಅವಶ್ಯ. ‘ಪಿಪಿ’ ಎಂದರೆ ಪಾಲಿಪ್ರೊಪಿಲೀನ್; ಅದಕ್ಕೆ ಬಣ್ಣ ಸುಲಭವಾಗಿ ಹಿಡಿಯದು, ಪ್ಲಾಸ್ಟಿಕ್ ಪ್ರೈಮರನ್ನು ಮೊದಲು ಕೊಡಲೇಬೇಕು. ‘ಎಬಿಎಸ್’ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ತೀಕ್ಷ್ಣ ಥಿನ್ನರ್ ತಗುಲಿದರೆ ಮೆತ್ತಗಾಗಿ ಕೆಡುತ್ತದೆ. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ಮೂರು ಲೇಪಗಳೇ ಲೇಸು.

ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಳಪಿಲ್ಲದ ಬಣ್ಣವೇ ಯುಕ್ತ. ಹೊಳಪಿನದು ನವಿ ಮುಂಬಯಿಯ ಅಗಲ ರಸ್ತೆಗಳ ಬಿಸಿಲಿನಲ್ಲಿ ಎದುರುಗಾಜಿನ ಮೇಲೆ ಪ್ರತಿಫಲಿಸಿ ಕಣ್ಣು ಕೋರೈಸುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಅದರ ಮುಚ್ಚಳಕ್ಕೆ ಬಣ್ಣ ಬಳಿಯಲೇಕೂಡದು.

ಠಾಣೆ, ಡೊಂಬಿವಲಿಗಳ ಮಳೆಗಾಲದಲ್ಲಿ ತೇವವು ಲೇಪದಡಿ ಸಿಕ್ಕಿಕೊಳ್ಳುವ ಭಯವುಂಟು. ದೀಪಾವಳಿಯ ನಂತರದ ಒಣಹವೆಯವರೆಗೆ ಕಾಯುವವರು ಎರಡನೆಯ ಸಲದ ಖರ್ಚನ್ನು ಉಳಿಸಿಕೊಳ್ಳುವರು.